ಕೊಬ್ಬರಿ ಸುತ್ತಿ ತಂದ ಪೇಪರು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕಿಂತ ಕೆಟ್ಟದ್ದು, ಎಲ್ಲ ನನಗೇ ಗೊತ್ತು ಎನ್ನುವ ಜಂಬ. ಇವೆರಡೂ ಸೇರಿಕೊಂಡು ಒಂದು ತಿಂಗಳ ಕಾಲ ನನ್ನ ಅಪ್ಪನನ್ನು ಹೇಗೆ ಹೆದರಿಸಿಟ್ಟವು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ನಾಚಿಕೆಯ ಹಿಂದೆಯೇ, ಸದ್ಯ, ಅಷ್ಟಕ್ಕೇ ಮುಗಿಯಿತಲ್ಲ ಎಂದು ಎದೆ ಹಗುರಾಗುತ್ತದೆ.

ಅದು ಎರಡು ಸಾವಿರದ ಐದರ ಸುಮಾರು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಮದರಾಸಿನ ಕ್ರೋಂಪೇಟೆಯಲ್ಲಿ ಸ್ಟೇಷನ್ನಿಗೆ ಹತ್ತಿರದ ಎರಡು ರೂಮಿನ ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ನಾನು ಅಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದೆ. ನನ್ನ ಮದುವೆ ಯಾಕಾಗಲಿಲ್ಲ ಎಂಬುದು ಬೇರೆ ಕಥೆ, ಅದನ್ನು ನೆಂಟರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅಪ್ಪನಿಗೆ ಎಪ್ಪತ್ತೆರಡು. ನಂಜನಗೂಡಿನ ಕಡೆಯವರು, ಇಪ್ಪತ್ತೆರಡಕ್ಕೆ ರೈಲ್ವೆ ಕೆಲಸ ಸಿಕ್ಕಿ ಮದರಾಸಿಗೆ ಬಂದವರು, ರಿಟೈರ್ ಆಗುವವರೆಗೂ ಪಾರ್ಸೆಲ್ ಆಫೀಸಿನಲ್ಲಿದ್ದವರು. ಯಾವ ಊರಿಗೆ ಹೋಗಲು ಯಾವ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ಅಪ್ಪನಿಗೆ ಮೈಸೂರಿನಲ್ಲಿ ಒಬ್ಬಳು ಅಕ್ಕ, ನನ್ನ ಸೋದರತ್ತೆ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಅವಳಿಗೆ ತಮ್ಮನ ಕೈಯಿಂದಲೇ ಹೋಗಬೇಕು. ಅಪ್ಪ ಅಷ್ಟು ವರ್ಷವೂ ಒಂದು ಸಲ ತಪ್ಪಿಸಿದವರಲ್ಲ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ಕುಪ್ಪಸದ ಕಣ, ಬೇಳೆ, ಬೆಲ್ಲ, ಕೊಬ್ಬರಿ ಎಲ್ಲ ಜೋಡಿಸಿ ಬಟ್ಟೆ ಕಟ್ಟಿ, ತಾವೇ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಬಳೆ ಮಾತ್ರ ಸೌಕಾರ್‌ಪೇಟೆಯದೇ ಆಗಬೇಕು. ಮೈಸೂರಿನಲ್ಲಿ ಬಳೆ ಸಿಗುವುದಿಲ್ಲವೇ ಎಂದು ಕೇಳಿದರೆ, "ಅಕ್ಕನಿಗೆ ಮದರಾಸಿನ ಬಳೆ ಅಂದ್ರೇನೇ ಜಂಬ ಕಣೇ. ಬೀದಿಗೆಲ್ಲಾ ತೋರಿಸ್ಕೊಂಡು ಬರ್ತಾಳೆ" ಎನ್ನುತ್ತಿದ್ದರು.

ಆ ವರ್ಷ ಆಷಾಢದಲ್ಲಿ ಒಂದರ ಹಿಂದೊಂದು ಶುರುವಾಯಿತು. ಅಪ್ಪ ಒಲೆಯ ಮೇಲೆ ಹಾಲಿಟ್ಟು ಮಹಡಿಯ ಮೇಲೆ ಹೋಗಿ ಕೂತುಬಿಟ್ಟರು, ಪಾತ್ರೆ ಕರಕಲಾಯಿತು. ಇನ್ನೊಂದು ದಿನ ನನ್ನನ್ನು ಅಮ್ಮನ ಹೆಸರಿನಿಂದ ಕರೆದರು. ಬಳೆ ತರಲೆಂದು ಸೌಕಾರ್‌ಪೇಟೆಗೆ ಹೋದವರು ವಾಪಸು ಬರುವಾಗ ಕ್ರೋಂಪೇಟೆಯಲ್ಲಿ ಇಳಿಯದೆ ತಾಂಬರಂವರೆಗೂ ಹೋಗಿ, ಅಲ್ಲಿಂದ ಬೂತಿನಲ್ಲಿ ಫೋನ್ ಮಾಡಿದರು. ನಲವತ್ತು ವರ್ಷ ಓಡಾಡಿದ ದಾರಿ ಅದು. ನಾಗಪುರದಲ್ಲಿರುವ ನನ್ನ ಅಣ್ಣನಿಗೆ ಹೇಳಿದೆ. ಅವನು ಫೋನಿನಲ್ಲೇ ತೀರ್ಪು ಕೊಟ್ಟ.

"ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಹನ್ನೆರಡು ವರ್ಷ ಲೇಟಾಗಿ ಬಂದಿದೆ. ಡಾಕ್ಟ್ರಿಗೆ ತೋರ್ಸು. ಡಾಕ್ಟ್ರು ಸರಿ ಅನ್ನೋವರ್ಗೂ ಒಬ್ರನ್ನೇ ಟ್ರೈನ್ ಹತ್ತಿಸ್ಬೇಡ. ಬಾಗಿನ ಗೀಗಿನ ಎಲ್ಲಾ ಪೋಸ್ಟಲ್ಲಿ ಕಳ್ಸಿದ್ರಾಯ್ತು."

ನಾನಾದರೂ ಜೊತೆಗೆ ಹೋಗೋಣವೆಂದರೆ ಹಬ್ಬದ ವಾರವೇ ಲ್ಯಾಬಿನಲ್ಲಿ ಪರೀಕ್ಷೆ. ರೈಲ್ವೆಯಲ್ಲಿ ಜನ್ಮ ಸವೆಸಿದ ಮನುಷ್ಯನಿಗೆ ರೈಲು ಹತ್ತಬೇಡ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅಪ್ಪ ಪೇಪರು ಮಡಿಸಿಟ್ಟು ಎದ್ದು ಹೋದರು.

ನಮ್ಮ ಬೀದಿಯ ಡಾಕ್ಟರು ವಯಸ್ಸಾದವರು, ಆತುರವಿಲ್ಲದ ತಮಿಳರು. ಅಪ್ಪನ ನಾಡಿ, ರಕ್ತ, ಕಣ್ಣು ಎಲ್ಲ ಪರೀಕ್ಷೆ ಮಾಡಿಸಿದರು. ಹೊಸ ಕನ್ನಡಕವೂ ಬಂತು, ಕಣ್ಣು ಚೆನ್ನಾಗಿದೆ ಎಂದಾಯಿತು. ಕೊನೆಗೆ ಅವರು, "ಪಳಸು ಎಲ್ಲಾಂ ನಲ್ಲಾ ಞಾಬಗಂ ಇರುಕ್ಕುಂ. ಪುದುಸು ತಾನ್ ಪೋಗುಂ" ಎಂದರು. ಮರೆವಿನ ಕಾಯಿಲೆ ಇದ್ದರೆ ಹಳೆಯದೆಲ್ಲ ನೆನಪಿರುತ್ತದೆ, ಕೈ ಬಿಡುವುದು ಹೊಸದು ಎಂದು. ದಿನವೂ ಅವರ ಭಾಷೆಯಲ್ಲಿ ಹೊಸ ಸುದ್ದಿ ಏನಾದರೂ ಜೋರಾಗಿ ಓದಿಸಿ, ಹೇಗೆ ಓದುತ್ತಾರೆ ನೋಡಿ, ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಅಪ್ಪ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ಅವರ ಭಾಷೆ ಎಂದರೆ ಕನ್ನಡ. ಮನೆಗೆ ಬರುತ್ತಿದ್ದದ್ದು ತಮಿಳು ಪೇಪರು. ಕನ್ನಡ ಪೇಪರು ಹಿಂದೆ ಒಂದು ದಿನ ತಡವಾಗಿಯಾದರೂ ಬರುತ್ತಿತ್ತು, ಏಜೆಂಟು ಇಬ್ಬರು ಗಿರಾಕಿಗಳಿಗಾಗಿ ತರಿಸಲಾಗುವುದಿಲ್ಲ ಎಂದು ನಿಲ್ಲಿಸಿದ್ದ. ಆದರೆ ನನ್ನ ಹತ್ತಿರ ಕಂಪ್ಯೂಟರಿತ್ತಲ್ಲ! ಇಂಟರ್‌ನೆಟ್ಟಿನಲ್ಲಿ ಆಗಷ್ಟೇ ಕನ್ನಡ ಸುದ್ದಿಯ ಪುಟಗಳು ಸರಿಯಾದ ಅಕ್ಷರಗಳಲ್ಲಿ ಬರತೊಡಗಿದ್ದವು.

ನಮ್ಮ ಮನೆಯ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ. ಬೇರೆ ಯಾವುದನ್ನೂ ನಾನು ಹೊಸ್ತಿಲು ದಾಟಿಸುತ್ತಿರಲಿಲ್ಲ. ತೊಂಬತ್ತೆಂಟರಲ್ಲಿ ಲ್ಯಾಬಿಗೆ ಮೊದಲು ಲಿನಕ್ಸ್ ಹಾಕಿದಾಗ ಇಂಗ್ಲಿಷ್ ಅಕ್ಷರವೇ ಮುಳ್ಳುಮುಳ್ಳಾಗಿ ಕಾಣುತ್ತಿತ್ತು. ಒಂದು ಫಾಂಟು, ಅಂದರೆ ಅಕ್ಷರದ ಅಚ್ಚು, ಸೇರಿಸಬೇಕಾದರೆ ಉದ್ದದ ಸೆಟ್ಟಿಂಗ್ ಫೈಲು ತೆರೆದು ಕೈಯಾರೆ ತಿದ್ದಬೇಕು, ಒಂದು ಚಿಹ್ನೆ ತಪ್ಪಿದರೂ ಪರದೆ ಬೆಳಗದೆ ಕಪ್ಪಗೆ ಕೂರುತ್ತಿತ್ತು. ಹಾಗೆ ಕಪ್ಪಗೆ ಕೂತದ್ದನ್ನು ಹತ್ತಾರು ಸಲ ಎಬ್ಬಿಸಿದವಳು ನಾನು. ಲ್ಯಾಬಿನ ಎಡಿಟರಿನಲ್ಲಿ, ಅಂದರೆ ಟೈಪು ಮಾಡುವ ಪುಟದಲ್ಲಿ, ತಮಿಳು ಮೂಡಿಸಿ ಪ್ರಿನ್ಸಿಪಾಲರಿಂದ ಶಾಲು ಹೊದಿಸಿಕೊಂಡಿದ್ದೆ. ಕನ್ನಡ ಯಾವ ಮಹಾ ಎಂದುಕೊಂಡೆ.

ಶುರುವಿನಲ್ಲಿ ಸುದ್ದಿಯ ಪುಟದ ತುಂಬಾ ಬರೀ ಚೌಕಗಳು, ಒಂದೊಂದರೊಳಗೂ ನಾಲ್ಕು ಪುಟ್ಟ ಅಂಕಿಗಳು. ಫಾಂಟಿಲ್ಲ ಎಂದರ್ಥ. ಟೆಲಿಫೋನ್ ಲೈನಿನಲ್ಲಿ ಅರ್ಧ ಗಂಟೆ ಕಾದು ಕನ್ನಡ ಫಾಂಟೊಂದನ್ನು ಇಳಿಸಿಕೊಂಡೆ. ಅದನ್ನು ಅದರ ಫೋಲ್ಡರಿಗೆ ಹಾಕಿ, ಹೊಸ ಫಾಂಟು ಬಂದಿದೆ ನೋಡಿಕೋ ಎಂದು ಕಂಪ್ಯೂಟರಿಗೆ ಹೇಳುವ ಆಜ್ಞೆ ಕೊಟ್ಟು, ಬ್ರೌಸರು ಮುಚ್ಚಿ ತೆರೆದೆ. ಚೌಕಗಳೆಲ್ಲ ಮಾಯವಾಗಿ ದುಂಡುದುಂಡು ಅಕ್ಷರಗಳು ಸಾಲಾಗಿ ನಿಂತವು. ನಾನೇ ಚಪ್ಪಾಳೆ ತಟ್ಟಿಕೊಂಡೆ.

ಇಲ್ಲೊಂದು ಮಾತು ಹೇಳಬೇಕು. ನನಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ, ಶಾಲೆಯಲ್ಲಿ ತಮಿಳು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆ, ಅದರಲ್ಲೂ ಕಾಲುಭಾಗ ತಮಿಳು. ಎಂಟು ವರ್ಷದವಳಿದ್ದಾಗ ಅಮ್ಮ ಒಂದು ಬೇಸಿಗೆ ಸ್ಲೇಟು ಹಿಡಿದು ಕೂರಿಸಿದ್ದಳು. ಒಂದು ಅಕ್ಷರದ ಕಾಲಡಿಗೆ ಇನ್ನೊಂದು ಅಕ್ಷರ ತೂರುವ ಪಾಠ ಬಂದ ದಿನ ನಾನು ಎದ್ದು ಓಡಿದ್ದೆ. ತಮಿಳಿನಲ್ಲಿ ಆ ಕಾಟವಿಲ್ಲ. ಅಲ್ಲಿ ಅಕ್ಷರಗಳು ಅಕ್ಕಪಕ್ಕದಲ್ಲೇ ನಿಲ್ಲುತ್ತವೆ, ಅರ್ಧ ಅಕ್ಷರದ ತಲೆಯ ಮೇಲೊಂದು ಚುಕ್ಕಿ ಇಟ್ಟರೆ ಮುಗಿಯಿತು. ಪರದೆಯ ಮೇಲೆ ಅಕ್ಷರಗಳು ಬಿಡಿಬಿಡಿಯಾಗಿ, ನಡುನಡುವೆ ಸಣ್ಣ ಕೊಕ್ಕೆಗಳೊಂದಿಗೆ ನಿಂತದ್ದು ತಮಿಳಿಗೆ ಪಳಗಿದ ನನ್ನ ಕಣ್ಣಿಗೆ ಬಹಳ ಅಚ್ಚುಕಟ್ಟಾಗಿ ಕಂಡಿತು.

ಅಪ್ಪನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಅವರು ಹೊಸ ಕನ್ನಡಕ ಹಾಕಿಕೊಂಡು ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನೋ ಒಂಥರಾ ಕಾಣ್ತಿದೆಯಲ್ಲೇ," ಎಂದರು.

"ಒಂಥರಾನೂ ಇಲ್ಲ, ಎರಡ್ಥರಾನೂ ಇಲ್ಲ. ನಾನು ಚೆಕ್ ಮಾಡಿದೀನಪ್ಪಾ, ಸ್ಕ್ರೀನ್ ಪಕ್ಕಾ ಇದೆ. ಓದಿ."

"ಅಲ್ಲಾ, ಈ ಅಕ್ಷರ..."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಮ್ಮಾ ಓದಿ ಅಪ್ಪಾ."

ಗಾದೆ ಅಮ್ಮನದು, ಅಪ್ಪನ ಮೇಲೇ ಪ್ರಯೋಗಿಸಿದೆ. ಅಪ್ಪ ಮತ್ತೆ ಪರದೆಯ ವಿಷಯ ಎತ್ತಲಿಲ್ಲ. ಓದತೊಡಗಿದರು. ಒಂದು ಪದ ಓದುವರು, ನಿಲ್ಲುವರು, ಹಿಂದಕ್ಕೆ ಹೋಗುವರು, ಊಹೆ ಮಾಡಿ ಏನೋ ಅನ್ನುವರು, ತಪ್ಪಿತೆಂದು ಗೊತ್ತಾಗಿ ಮತ್ತೆ ಶುರುಮಾಡುವರು. ಅಮ್ಮನಿಗೆ ರಾಮಾಯಣ ಓದಿ ಹೇಳುತ್ತಿದ್ದ ದನಿ ಅದೇ, ಓದು ಮಾತ್ರ ಒಂದನೇ ಕ್ಲಾಸಿನದು.

ನಾನು ಲ್ಯಾಬಿನವಳು, ಯಾವುದಕ್ಕೂ ಒಂದು ದಾಖಲೆ ಇಡುವುದು ಅಭ್ಯಾಸ. ಒಂದು ನೋಟ್‌ಬುಕ್ಕು ಮಾಡಿದೆ. ದಿನಾಂಕ, ಎಷ್ಟು ಸಾಲು ಓದಿದರು, ಎಷ್ಟು ಕಡೆ ತಡವರಿಸಿದರು. ಸಂಜೆ ಕಾಲೇಜಿನಿಂದ ಬಂದು ಕಾಫಿ ಕುಡಿದ ಮೇಲೆ ಓದು, ಓದಿನ ಮೇಲೆ ಬರೆಹ. ಅಪ್ಪ ನನ್ನ ಪೆನ್ನನ್ನೇ ನೋಡುತ್ತಾ ಓದುತ್ತಿದ್ದರು, ನಾನು ಗೀಟು ಹಾಕಿದಾಗಲೆಲ್ಲ ಇನ್ನಷ್ಟು ತಡವರಿಸುತ್ತಿದ್ದರು. ದಿನ ಕಳೆದಂತೆ ಗೀಟುಗಳು ಹೆಚ್ಚಾದವು. ಓದಲು ಕೂತಾಗ ಅಂಗಿಯ ಜೇಬನ್ನು ಆಗಾಗ ಮುಟ್ಟಿಕೊಳ್ಳುವ ಹೊಸ ಚಟವೊಂದು ಅವರಿಗೆ ಅಂಟಿಕೊಂಡಿತ್ತು. ಅದನ್ನೂ ಕಾಯಿಲೆಯ ಲಕ್ಷಣವೆಂದು ಬರೆದುಕೊಂಡೆ. ಇಂಥ ನೋಟ್‌ಬುಕ್ಕು ಇಟ್ಟವಳನ್ನು ಈಗ ಎದುರಿಗೆ ಕಂಡರೆ ಎರಡು ಬಾರಿಸುತ್ತೇನೆ.

ಒಂದು ದಿನ ಬೇಗ ಬಂದೆ. ಅಪ್ಪ ಕಿಟಕಿಯ ಹತ್ತಿರ ಕೂತು ಹಳೆಯ ಪುಸ್ತಕವೊಂದನ್ನು ಓದುತ್ತಿದ್ದರು, ತಡೆಯಿಲ್ಲದೆ, ನೀರು ಕುಡಿದ ಹಾಗೆ.

"ಇದು ಓದಕ್ಕೆ ಬರತ್ತಲ್ಲಾ ಅಪ್ಪಾ!" ಎಂದೆ.

ಅವರು ಪುಸ್ತಕ ಮುಚ್ಚಿದರು. "ಇದು ಲೆಕ್ಕಕ್ಕಿಲ್ಲ ಕಣಮ್ಮಾ. ಇಪ್ಪತ್ತು ಸಲ ಓದಿರೋದು. ಡಾಕ್ಟ್ರೇ ಹೇಳಿದ್ರಲ್ಲ, ಹಳೇದು ಇರತ್ತೆ, ಹೊಸದು ಹೋಗತ್ತೆ ಅಂತ."

ನಾನೂ ಹೌದೆಂದೇ ಅಂದುಕೊಂಡೆ. ಹಳೆಯದನ್ನು ಚೆನ್ನಾಗಿ ಓದಿದಷ್ಟೂ ಇಬ್ಬರಿಗೂ ಭಯ ಹೆಚ್ಚಾಯಿತು. ಆ ರಾತ್ರಿ ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನನಗೆ ಅಪ್ಪನ ಹೊರತು ಯಾರೂ ಇರಲಿಲ್ಲ, ಅವರು ನನ್ನ ಎದುರಿಗೇ ಸ್ವಲ್ಪ ಸ್ವಲ್ಪವಾಗಿ ಕರಗಿ ಹೋಗುತ್ತಿದ್ದಾರೆ ಎಂದು ನಂಬಿಬಿಟ್ಟಿದ್ದೆ.

ಡಾಕ್ಟರು ಹೇಳಿದ ತಿಂಗಳು ಮುಗಿಯಲು ನಾಲ್ಕು ದಿನವಿತ್ತು, ಗೌರಿ ಹಬ್ಬಕ್ಕೆ ಎರಡು ವಾರ. ಭಾನುವಾರ ಬೆಳಿಗ್ಗೆ ಮೇಲಿನ ಮನೆಯಾಕೆ ಬಾಗಿಲು ತಟ್ಟಿದರು. ತಿಪಟೂರಿನವರು, ಗಂಡ ಬ್ಯಾಂಕಿನಲ್ಲಿ, ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಹಿಂದಿನ ದಿನವಷ್ಟೇ ತವರಿನಿಂದ ಬಂದಿದ್ದರು. ಕೈಯಲ್ಲಿ ಪೇಪರು ಸುತ್ತಿದ ದೊಡ್ಡ ಪೊಟ್ಟಣ.

"ತಗೊಳ್ಳಿ ಅಂಕಲ್, ನೀವ್ ಹೇಳಿದ್ ಕೊಬ್ರಿ. ಗಿಟುಕು ಒಂದೂ ಒಡ್ದಿಲ್ಲ ನೋಡಿ. ಬಾಗಿನಕ್ಕೆ ಅಂದ್ರಲ್ಲ, ನಮ್ಮಣ್ಣ ಆರಿಸಿ ಆರಿಸಿ ಕೊಟ್ಟ. ಯಾವತ್ತು ಮೈಸೂರಿಗೆ ಹೊರಡೋದು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡಿದರು.

"ಯಾರು ಹೊರಡೋದು ಮೈಸೂರಿಗೆ?" ಎಂದೆ. ಹೊರಗಿನವರು ಇದ್ದಾರೆ ಎಂಬ ಗ್ಯಾನವೂ ಇರಲಿಲ್ಲ. "ನಾನಿಷ್ಟು ಹೇಳಿದ್ರೂ ಕದ್ದುಮುಚ್ಚಿ ಕೊಬ್ರಿ ತರಿಸ್ತೀರಾ? ತಾಂಬರಂನಲ್ಲಿ ಇಳಿದಿದ್ದು ಮರೆತ್ಹೋಯ್ತಾ? ನಾಳೆ ಬಂಗಾರಪೇಟೇಲಿ ಇಳಿದು ನಾನ್ಯಾರು ಅಂದ್ರೆ ಯಾರಪ್ಪಾ ಬರ್ತಾರೆ?"

ಅಪ್ಪ ಜಗಳವಾಡುವ ಜನವಲ್ಲ. ಕೋಪ ಬಂದರೆ, ಅವಮಾನವಾದರೆ, ಕೈಗೆ ಸಿಕ್ಕ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಓದುವುದು ಅವರ ಪದ್ಧತಿ. ಅಮ್ಮನ ಕಾಲದಿಂದಲೂ ಅಷ್ಟೆ. ಅಂದೂ ಕೊಬ್ಬರಿಯನ್ನು ಮೇಜಿನ ಮೇಲೆ ಸುರಿದು, ಸುತ್ತಿದ್ದ ಪೇಪರು ಬಿಡಿಸಿ, ಮುಖ ಮರೆಮಾಡಿಕೊಂಡು ಜೋರಾಗಿ ಓದತೊಡಗಿದರು.

"ತಾಲ್ಲೂಕು ಕಚೇರಿಗೆ ನುಗ್ಗಿದ ಕೋತಿಗಳ ಹಿಂಡು. ಕಡತ ಹೊತ್ತೊಯ್ದು ಮರವೇರಿದ ಮರ್ಕಟಗಳು. ಗ್ರಾಮಸ್ಥರ ಅರ್ಜಿಗಳು ಚಿಂದಿ. ಸಿಬ್ಬಂದಿ ಬಾಳೆಹಣ್ಣು ತೋರಿಸಿ ಕಡತ ವಾಪಸು ಪಡೆಯಲು ಯತ್ನಿಸಿದರೂ, ಹಣ್ಣು ಕಿತ್ತುಕೊಂಡ ಕೋತಿಗಳು ಕಡತ ಮಾತ್ರ ಬಿಡಲಿಲ್ಲ ಎಂದು ಪ್ರತ್ಯಕ್ಷದರ್ಶಿಗಳು ತಿಳಿಸಿದ್ದಾರೆ."

ಓದುತ್ತಾ ಓದುತ್ತಾ ಅವರಿಗೇ ನಗು ಬಂತು. ಪೇಪರು ಅಲ್ಲಾಡಿತು. ಮೇಲಿನ ಮನೆಯಾಕೆಯೂ ನಕ್ಕರು. ನಾನು ನಗಲಿಲ್ಲ. ಒಂದು ಕಡೆಯೂ ನಿಂತಿರಲಿಲ್ಲ ಅಪ್ಪ. ಒಂದು ಕಡೆಯೂ!

"ಅಪ್ಪಾ, ಇದನ್ನ ಮುಂಚೆ ಓದಿದ್ರಾ?"

"ಹೆಂಗೆ ಓದಿರ್ತೀನೇ? ಈಗ ತಾನೇ ಬಿಚ್ಚಿದೀನಿ."

ಪೇಪರಿನ ತಾರೀಖು ನೋಡಿದೆ, ಮೊನ್ನೆ ಶುಕ್ರವಾರದ್ದು. ಹೊಸದಕ್ಕಿಂತ ಹೊಸದು. ಅಪ್ಪನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿ, ಸುದ್ದಿಯ ಪುಟ ತೆರೆದೆ. ಎರಡನೆಯ ಪದಕ್ಕೇ ಅವರು ನಿಂತರು. ಕೈ ಜೇಬಿಗೆ ಹೋಯಿತು. ನಮ್ಮ ಹಿಂದೆಯೇ ಬಂದಿದ್ದ ಮೇಲಿನ ಮನೆಯಾಕೆ ಅವರ ಹೆಗಲ ಮೇಲಿಂದ ಇಣುಕಿ ನೋಡಿದರು.

"ಅಯ್ಯೋ, ಇದೇನ್ರೀ ಇದು? ಅಕ್ಷರ ಎಲ್ಲಾ ಕಿತ್ಕೊಂಡ್ ನಿಂತಿದಾವೆ! ಒತ್ತು ಎಲ್ಲೋ, ದೀರ್ಘ ಎಲ್ಲೋ. ಇದನ್ನ ಯಾರ್ರೀ ಓದ್ತಾರೆ? ನನಗೂ ಆಗಲ್ಲ."

"ನಿಮಗೂ ಆಗಲ್ವಾ?" ಎಂದರು ಅಪ್ಪ. ಆ ದನಿಯನ್ನು ನಾನು ಮರೆಯುವುದಿಲ್ಲ. ನೀರಿನಲ್ಲಿ ಮುಳುಗಿದ್ದವರು ತಲೆ ಎತ್ತಿ ಉಸಿರೆಳೆದ ಹಾಗಿತ್ತು.

"ಇಲ್ಲಪ್ಪಾ ದೇವ್ರಾಣೆ. ಕೂಡಿಸ್ಕೊಂಡ್ ಕೂಡಿಸ್ಕೊಂಡ್ ಓದ್ಬೇಕು. ತಲೆ ಕೆಟ್ಟೋಗತ್ತೆ."

ನಾನು ಪೇಪರನ್ನು ಪರದೆಯ ಪಕ್ಕಕ್ಕೆ ಹಿಡಿದೆ. ಪೇಪರಿನಲ್ಲಿ ಅಕ್ಷರಗಳ ಕಾಲಡಿಗೆಲ್ಲ ಪುಟ್ಟ ಪುಟ್ಟ ಅಕ್ಷರಗಳು ತೂರಿಕೊಂಡಿದ್ದವು, ಎಂಟು ವರ್ಷದ ನನ್ನನ್ನು ಸ್ಲೇಟಿನಿಂದ ಓಡಿಸಿದವೇ. ಪರದೆಯ ಮೇಲೆ ಅಂಥದ್ದು ಒಂದೂ ಇರಲಿಲ್ಲ. ಒಂದು ತಿಂಗಳಿಂದ ನಾನು ಅಪ್ಪನ ಮುಂದೆ ಒಡೆದ ಪಾತ್ರೆ ಇಟ್ಟು, ನೀರು ಯಾಕೆ ನಿಲ್ಲುತ್ತಿಲ್ಲ ಎಂದು ಗೀಟು ಹಾಕುತ್ತಿದ್ದೆ. ಕುಣಿಯುವವರು ಚೆನ್ನಾಗಿಯೇ ಕುಣಿಯುತ್ತಿದ್ದರು, ನೆಲ ನಿಜಕ್ಕೂ ಡೊಂಕಾಗಿತ್ತು.

ಕಾರಣ ಹುಡುಕಲು ಒಂದು ಗಂಟೆ ಬೇಕಾಯಿತು. ಫಾಂಟು ಸರಿಯಾಗಿತ್ತು. ನಮ್ಮ ಅಕ್ಷರಗಳನ್ನು ಒಂದಕ್ಕೊಂದು ಸೇರಿಸಿ ಕೂರಿಸುವ ಕೆಲಸ ಬೇರೊಂದು ಸಾಫ್ಟ್‌ವೇರಿನದು. ಅದು ನನ್ನ ಕಂಪ್ಯೂಟರಿನಲ್ಲೇ ಇತ್ತು, ಅದನ್ನು ಬಳಸು ಎಂದು ಬ್ರೌಸರಿಗೆ ಹೇಳಬೇಕಾಗಿತ್ತು, ನಾನು ಹೇಳಿರಲಿಲ್ಲ. ಎಲ್ಲಿಯೋ ಕೂತ ಪುಣ್ಯಾತ್ಮರೊಬ್ಬರು ಇದೇ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬರೆದಿಟ್ಟಿದ್ದರು. ಅದೇ ಬ್ರೌಸರಿನಲ್ಲಿ ಒಂದು ತಮಿಳು ಪುಟ ತೆರೆದಿದ್ದರೂ ಮೊದಲ ದಿನವೇ ನನ್ನ ಕಣ್ಣಿಗೆ ಬೀಳುತ್ತಿತ್ತು, ತಮಿಳು ಪೇಪರು ಮನೆಗೇ ಬರುತ್ತಿದ್ದರಿಂದ ತೆರೆದೇ ಇರಲಿಲ್ಲ. ಆ ಸಾಲನ್ನು ಸೇರಿಸಿ, ಬ್ರೌಸರು ಮುಚ್ಚಿ ತೆರೆದೆ. ಅಕ್ಷರಗಳು ಸರಿದು ಸರಿದು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

ಅಪ್ಪ ಓದಿದರು. ಮೊದಲ ಸುದ್ದಿ, ಎರಡನೆಯದು, ಮೂರನೆಯದು, ಕೊನೆಗೆ ಹವಾಮಾನವನ್ನೂ ಬಿಡಲಿಲ್ಲ. ಓದಿ ಮುಗಿಸಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಾಗಿತ್ತು.

"ನನ್ನ ತಲೇಲಿ ಕೊಕ್ಕೆ ಕಳಚ್ಕೊಳ್ತಿದೆ ಅಂದ್ಕೊಂಡಿದ್ದೆ ಕಣೇ," ಎಂದರು. "ವ್ಯಾಗನ್‌ಗೂ ವ್ಯಾಗನ್‌ಗೂ ನಡುವೆ ಇರತ್ತಲ್ಲ, ಆ ಥರಾ. ಒಂದೊಂದು ಅಕ್ಷರಾನೂ ಬೇರೆ ಬೇರೆ ಹಳಿ ಮೇಲೆ ನಿಂತಿರೋದು ಕಾಣ್ತಿತ್ತು."

"ಯಾಕೆ ಹೇಳ್ಲಿಲ್ಲ ಅಪ್ಪಾ?"

"ಹೇಳಿದ್ನಲ್ಲ. ನೀನು ಗಾದೆ ಹೇಳ್ದೆ."

ಅವರ ಪಾದ ಹಿಡಿದುಕೊಂಡೆ ಎಂದರೆ ನಾಟಕದಂತೆ ಕೇಳಿಸುತ್ತದೆ, ಆದರೆ ಹಿಡಿದುಕೊಂಡದ್ದು ನಿಜ. ಅವರು "ಥೂ, ಏಳೇ, ಆಕೆ ನೋಡ್ತಿದಾರೆ" ಎಂದರು. ಆಕೆ ಆಗಲೇ ಅಡಿಗೆಮನೆಗೆ ಹೋಗಿ ನಮ್ಮ ಮೂವರಿಗೂ ಕಾಫಿ ಬೆರೆಸುತ್ತಿದ್ದರು. ಅಷ್ಟು ರುಚಿಯಾದ ಕಾಫಿಯನ್ನು ನಾನು ಆಮೇಲೆ ಕುಡಿದಿಲ್ಲ.

ನಾಲ್ಕು ದಿನದ ನಂತರ ಡಾಕ್ಟರ ಹತ್ತಿರ ಹೋದೆವು. ನಡೆದದ್ದನ್ನೆಲ್ಲ ಹೇಳಿ, ಕೊಬ್ಬರಿಯ ಪೇಪರನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕೋತಿಗಳ ಸುದ್ದಿಯ ಪಕ್ಕದ ಇನ್ನೆರಡು ಸುದ್ದಿ ಓದಿ, ಅವುಗಳ ತಾತ್ಪರ್ಯವನ್ನು ತಮಿಳಿನಲ್ಲಿ ಹೇಳಿದರು. ಡಾಕ್ಟರು ಇನ್ನೂ ಏನೇನೋ ಕೇಳಿದರು, ಎಲ್ಲಕ್ಕೂ ಉತ್ತರ ಬಂತು. ಹಾಲು ಉಕ್ಕಿಸುವುದು, ಹೆಂಡತಿಯ ಹೆಸರಿನಲ್ಲಿ ಮಗಳನ್ನು ಕರೆಯುವುದು, ರೈಲಿನಲ್ಲಿ ತೂಕಡಿಸಿ ಮುಂದಿನ ಸ್ಟೇಷನ್ನಿಗೆ ಹೋಗುವುದು ತಮಗೂ ಆಗುತ್ತದೆ ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ಅಪ್ಪಾವುಕ್ಕು ಒಣ್ಣುಮಿಲ್ಲೆ. ವೈದ್ಯಂ ಎಲ್ಲಾಂ ಉಂಗ ಕಂಪ್ಯೂಟರುಕ್ಕು ತಾನ್" ಎಂದು ನಕ್ಕರು. ಅಪ್ಪನಿಗೆ ಏನೂ ಆಗಿಲ್ಲ, ಚಿಕಿತ್ಸೆ ಬೇಕಾದದ್ದು ಕಂಪ್ಯೂಟರಿಗೆ ಎಂದು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎನ್ನುತ್ತಾರಲ್ಲ, ಅದರ ಅರ್ಥ ನನಗೆ ಆ ಮೆಟ್ಟಿಲು ಇಳಿಯುವಾಗ ಗೊತ್ತಾಯಿತು. ಅಣ್ಣನಿಗೆ ಫೋನ್ ಮಾಡಿ, ಅಪ್ಪ ಒಬ್ಬರೇ ಹೋಗುತ್ತಾರೆ, ಏನಾದರೂ ಹೇಳುವುದಿದ್ದರೆ ನನಗೆ ಹೇಳು ಎಂದೆ.

ಅಕ್ಕನಿಗೆ ಬರುವ ದಿನ ತಿಳಿಸಬೇಕು ಎಂದರು ಅಪ್ಪ. ಆ ಕಾಗದವನ್ನು ಕಂಪ್ಯೂಟರಿನಲ್ಲೇ ಬರೆಯುವ ಆಸೆ, ತಮ್ಮನ್ನು ಅಷ್ಟು ಆಟವಾಡಿಸಿದ ಯಂತ್ರದ ಮೂಗು ಹಿಡಿಯಬೇಕೆಂಬ ಹಟ. ನಾನು ಕೀಲಿಮಣೆಗೆ ಕನ್ನಡದ ವಿನ್ಯಾಸ ಸೇರಿಸಿದೆ, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಇಂಗ್ಲಿಷ್ ಹೋಗಿ ಕನ್ನಡ ಬರುವ ಹಾಗೆ. ಆದರೆ ಕೀಲಿಗಳ ಮೇಲೆ ಕನ್ನಡ ಅಕ್ಷರಗಳಿರಲಿಲ್ಲ. ಅಪ್ಪ ಅದೇ ಕೊಬ್ಬರಿಯ ಪೇಪರಿನ ದಪ್ಪ ತಲೆಬರಹಗಳಿಂದ ಅಕ್ಷರಗಳನ್ನು ಕತ್ತರಿಸಿದರು, ನಾನು ಪಟ್ಟಿ ನೋಡಿಕೊಂಡು ಯಾವುದು ಎಲ್ಲಿ ಎಂದು ಅಂಟಿಸಿದೆ. ಅಂಟಿಸಬೇಕಾದರೆ ಅಕ್ಷರ ಗೊತ್ತಿರಬೇಕಲ್ಲ. "ಇದು ಯಾವ್ದು ಹೇಳು?" ಎಂದು ಅವರು ಒಂದೊಂದನ್ನೂ ಬೆರಳ ತುದಿಯಲ್ಲಿ ಹಿಡಿದು ಕೇಳುವರು, ನಾನು ತಪ್ಪು ಹೇಳುವೆ, ಅವರು ಗಾಳಿಯಲ್ಲಿ ಪೆನ್ನಿನಿಂದ ಗೀಟು ಹಾಕಿದಂತೆ ಅಭಿನಯಿಸುವರು. ಅಮ್ಮ ಸ್ಲೇಟಿನಲ್ಲಿ ಬಿಟ್ಟ ಕಡೆಯಿಂದ ಪಾಠ ಮುಂದುವರಿಯಿತು.

ಎರಡು ಅಕ್ಷರಗಳ ನಡುವೆ ಒಂದು ಕೀಲಿ ಒತ್ತಿದರೆ ಎರಡನೆಯದು ಮೊದಲನೆಯದರ ಕಾಲಡಿಗೆ ಇಳಿಯುತ್ತದೆ ಎಂದು ತೋರಿಸಿದಾಗ ಅಪ್ಪನಿಗೆ ಆದ ಸಂತೋಷ ಹೇಳತೀರದು. "ಕೊಕ್ಕೆ! ಇದೇ ಕೊಕ್ಕೆ!" ಎಂದು ಬೇಕಿಲ್ಲದ ಕಡೆಯೆಲ್ಲ ಒತ್ತಿದರು. ಹತ್ತು ಸಾಲಿನ ಕಾಗದಕ್ಕೆ ಎರಡು ಸಂಜೆ ಹಿಡಿಯಿತು. ಕಾಲೇಜಿನಲ್ಲಿ ಅಚ್ಚು ಹಾಕಿಸಿ ಮೈಸೂರಿಗೆ ಪೋಸ್ಟ್ ಮಾಡಿದೆ. ಪ್ರೆಸ್ಸಿನಲ್ಲಿ ಮಾಡಿಸಿದ ಕಾಗದ ಎಂದುಕೊಂಡು, ಯಾರದೋ ಮದುವೆ ಇರಬೇಕೆಂದು ಅತ್ತೆ ಗಾಬರಿಯಾದಳಂತೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸೆಂಟ್ರಲ್ ಸ್ಟೇಷನ್ನಿಗೆ ನಾನೂ ಹೋದೆ. ಅಪ್ಪ ಕಿಟಕಿಯ ಪಕ್ಕದ ಸೀಟಿನಲ್ಲಿ ಬಾಗಿನದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮದುಮಗನ ಹಾಗೆ ಕೂತಿದ್ದರು. ಗಾಡಿ ಹೊರಡಲು ಎರಡು ನಿಮಿಷವಿದ್ದಾಗ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ಕಿಟಕಿಯ ಸಲಾಕೆಗಳ ನಡುವೆ ನನಗೆ ಕೊಟ್ಟರು.

"ಇದು ಇನ್ನು ನನಗೆ ಬೇಡ. ಇಟ್ಕೋ," ಎಂದರು.

ಪಾರ್ಕ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಕೂತ ಮೇಲೆ ಬಿಡಿಸಿದೆ. ಮಡಿಕೆಗಳು ಬೆವರಿಗೆ ಮೆತ್ತಗಾಗಿ ಹರಿಯುವ ಹಾಗಿದ್ದವು. ಮೊದಲು ಇಂಗ್ಲಿಷಿನಲ್ಲಿ, ಅದರ ಕೆಳಗೆ ತಮಿಳಿನಲ್ಲಿ, ಪಾರ್ಸೆಲ್ಲಿನ ಮೇಲೆ ಬರೆಯುವಂಥ ದುಂಡಗಿನ ಕೈಬರಹ. ಅಪ್ಪನ ಹೆಸರು, ಕ್ರೋಂಪೇಟೆಯ ವಿಳಾಸ, ನನ್ನ ಫೋನ್ ನಂಬರು, ಮೈಸೂರಿನ ವಿಳಾಸ. ತಾನು ಯಾರೆಂಬುದು ಮರೆತುಹೋದರೆ ಯಾರಾದರೂ ತೆಗೆದು ಓದಲಿ ಎಂದು ಬರೆದಿಟ್ಟುಕೊಂಡದ್ದು. ಅದನ್ನು ಮುಟ್ಟಿಕೊಂಡಾಗಲೆಲ್ಲ ನಾನು ಲಕ್ಷಣ ಎಂದು ಬರೆದುಕೊಂಡಿದ್ದೆ.

ಎಲ್ಲಕ್ಕಿಂತ ಕೆಳಗೆ ಒಂದೂವರೆ ಸಾಲು ಕನ್ನಡವಿತ್ತು. ನನಗೆ ಓದಲು ಬರುವುದಿಲ್ಲವೆಂದು ಧೈರ್ಯವಾಗಿ ಬರೆದದ್ದು, ಮೈಸೂರಿನವರಿಗಾಗಿ. ನಾನು ಬೆರಳಿಟ್ಟುಕೊಂಡು ಕೂಡಿಸತೊಡಗಿದೆ. ಮೊದಲ ಮೂರು ಅಕ್ಷರ ಬೇಗ ಬಂತು, ಮಗಳ. ಅದರ ಮುಂದಿನ ಒತ್ತಕ್ಷರಕ್ಕೆ ಕೋಡಂಬಾಕ್ಕಂವರೆಗೂ ಕೂತೆ. ಸೈದಾಪೇಟೆ ಹೋಯಿತು, ಗಿಂಡಿ ಹೋಯಿತು. ಮೀನಂಬಾಕ್ಕಂ ದಾಟುವಾಗ ಪೂರ್ತಿಯಾಯಿತು.

"ಮಗಳನ್ನು ಬೈಯಬೇಡಿ. ಹೇಳದೆ ಹೊರಟು ಬಂದವನು ನಾನು."

ನಾನು ಒಪ್ಪದಿದ್ದರೂ ಹೊರಟುಬಿಡುವ ಲೆಕ್ಕಾಚಾರ ಅದು. ದಾರಿಯಲ್ಲಿ ತನ್ನನ್ನೇ ಮರೆತರೂ ಸರಿ, ಬಾಗಿನ ತಲುಪಬೇಕು, ಬೈಗುಳ ಮಾತ್ರ ನನಗೆ ತಲುಪಬಾರದು. ಎದುರಿಗೆ ಕೂತಿದ್ದ ಹೂವಿನ ಬುಟ್ಟಿಯವಳು ನನ್ನನ್ನು ನೋಡಿ, ಯಾರಿಗೆ ಏನಾಯಿತಮ್ಮ ಎಂದು ತಮಿಳಿನಲ್ಲಿ ಕೇಳಿದಳು. ಯಾರಿಗೂ ಏನೂ ಆಗಲಿಲ್ಲ ಎಂದೆ, ಮೂಗು ಒರೆಸಿಕೊಳ್ಳುತ್ತಾ.

ಸಂಜೆ ಮೈಸೂರಿನಿಂದ ಫೋನ್ ಬಂತು.

"ಸರಿಯಾದ ಸ್ಟೇಷನ್ನಲ್ಲೇ ಇಳಿದಿದೀನಿ ಕಣೇ. ನಿಮ್ಮತ್ತೆ ಆಗ್ಲೇ ಬಳೆ ಹಾಕ್ಕೊಂಡು ಪಕ್ಕದ್ಮನೆಗೆ ಹೋಗಿದಾಳೆ."

"ಚೀಟಿ ಓದಿದೆ ಅಪ್ಪಾ," ಎಂದೆ.

"ಇಂಗ್ಲಿಷಿಂದಾ?"

"ಕನ್ನಡದ್ದು."

ಅಪ್ಪ ಗಂಟಲು ಸರಿಮಾಡಿಕೊಂಡರು. "ಎಷ್ಟು ಕಡೆ ತಡವರಿಸ್ದೆ?"

"ಒಂದ್ಕಡೆ. ಜೋರಾಗಿ."

"ನೋಟ್‌ಬುಕ್ಕಲ್ಲಿ ಬರ್ಕೋ," ಎಂದು ನಕ್ಕು, ಅಪ್ಪ ಫೋನಿಟ್ಟರು.